ದುಂಡವ್ವ ಸಾಕಿದ ನಾದಿನಿ

ಮಸಗುಪ್ಪಿಯ ದುಂಡವ್ವನಿಗೆ ಸಿಟ್ಟು ಬಂದರೆ ಬಾಯಿ ಜೋರಾಗುತ್ತಿರಲಿಲ್ಲ, ಕೆಲಸ ಜೋರಾಗುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಬಾಜೂ ಮನೆಗೆ ಕೇಳುವಷ್ಟಾಯಿತೆಂದರೆ ಗಂಡ ಹೊಳೆಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಸದ್ದಿಲ್ಲದೆ ಕುರಿದೊಡ್ಡಿಯ ಕಡೆ ನಡೆದುಬಿಡುತ್ತಿದ್ದ. ಅವನು ಕೆಟ್ಟವನಲ್ಲ. ಹೊಲ, ಕುರಿ, ಮುದುಕಿ ತಾಯಿ, ಹೆಂಡತಿ, ಎಲ್ಲರನ್ನೂ ಕೈಲಾದಷ್ಟು ನೋಡಿಕೊಂಡವನೇ. ಆದರೆ ಯಾವ ಮಾತು ಎತ್ತಿದರೂ "ನೋಡೂಣ ತಗೊ" ಎನ್ನುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಹಾಗೆ ಅಂದ ಮೇಲೆ ಅವನು ಏನನ್ನಾದರೂ ನೋಡಿದ್ದು ದುಂಡವ್ವನಿಗೆ ನೆನಪಿರಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಐವತ್ತೆರಡನೆಯ ಇಸವಿಯಲ್ಲಿ ಹುಕ್ಕೇರಿಯಲ್ಲಿದ್ದ ದುಂಡವ್ವನ ಅಕ್ಕ ತನ್ನ ನಾಲ್ಕನೆಯ ಮಗನನ್ನು "ಇವ ಇನ್ನ ನಿನ್ನಾವ" ಎಂದು ಉಡಿಯಲ್ಲಿ ಹಾಕಿ ಹೋದಳು. ಎರಡು ವರ್ಷದ ಕೂಸು. ದುಂಡವ್ವ ಮೂರು ವರ್ಷ ಸಾಕಿದಳು. ಸಾಲಿಗೆ ಹಾಕಬೇಕು ಅನ್ನುವ ಹೊತ್ತಿಗೆ ಅಕ್ಕ ಬಂದಳು, ನಾಲ್ಕು ದಿನ ಉಂಡು ಉಟ್ಟು ಇದ್ದಳು, ಹೊರಡುವಾಗ ಮಗನ ಕೈ ಹಿಡಿದುಕೊಂಡೇ ಹೊಸ್ತಿಲು ದಾಟಿದಳು.

"ಕರಳ ಕೇಳವಲ್ದ, ದುಂಡವ್ವಾ," ಎಂದಳು.

ದುಂಡವ್ವನ ಕರುಳನ್ನು ಯಾರೂ ಕೇಳಲಿಲ್ಲ. ಹೊಳೆಪ್ಪ "ನೋಡೂಣ ತಗೊ" ಎಂದ. ಅವತ್ತೇ ದುಂಡವ್ವ ಗಟ್ಟಿ ಮಾಡಿಕೊಂಡಳು: ಇನ್ನು ಈ ಮನೆಗೆ ಕೂಸು ಅಂತ ಬಂದರೆ ಸರಕಾರದ ಶಿಕ್ಕಾ ಬಿದ್ದ ಕಾಗದದ ಜೋಡಿಯೇ ಬರಬೇಕು.

ಎರಡು ವರ್ಷ ಕಳೆದು, ಐವತ್ತೇಳರಲ್ಲಿ ಅರಭಾವಿಯಿಂದ ಒಂದು ಸುದ್ದಿ ಬಂತು. ಅಲ್ಲಿ ಶಿದ್ರಾಮ ಅಂತ ಅವರ ಪೈಕಿಯವನೇ ಒಬ್ಬ ಕುರಿಗಾರ. ಬೇನೆ ಬಂದು ಅವನ ಕುರಿಯೆಲ್ಲ ಸತ್ತಿದ್ದವು, ಅದರ ಹಿಂದೆಯೇ ಹೆಂಡತಿ ಜ್ವರದಲ್ಲಿ ಹೋಗಿದ್ದಳು. ಈಗ ಪಗಾರಕ್ಕೆ ಇನ್ನೊಬ್ಬರ ಕುರಿಯ ಹಿಂದೆ ಊರೂರು ತಿರುಗುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು ಬಂಧುಗಳ ಮನೆಯಲ್ಲಿ ತಿಂಗಳಿಗೊಂದು ಮನೆಯಂತೆ ಸರದಿಯಲ್ಲಿ ಇದ್ದರು. ಸಣ್ಣವಳು ಯಲ್ಲವ್ವನಿಗೆ ಮೂರು ವರ್ಷ. ದುಂಡವ್ವ ಅವಳನ್ನು ತರಲು ಹೋದಳು. ಅವಳನ್ನು ಮಾತ್ರ.

ಶಿದ್ರಾಮ ಅವತ್ತು ಊರಲ್ಲೇ ಇದ್ದ. ನೆಲ ನೋಡುತ್ತಾ "ಒಯ್ಯಿ ತಂಗಿ" ಎಂದ. ಆದರೆ ಎಂಟು ವರ್ಷದ ದೊಡ್ಡವಳು ಅಕ್ಕವ್ವ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಲ್ಲವ್ವ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾಳ. ಎಬ್ಬಸ್ಬೇಕು."

"ಎಬ್ಬಸ್ತೀನಿ ತಗೊ," ಎಂದಳು ದುಂಡವ್ವ.

"ಎಬ್ಬಿಸಿದ್ರ ಏಳಂಗಿಲ್ಲ. ಹೊತ್ಕೊಂಡ ಹೋಗ್ಬೇಕು."

"ಹೊತ್ಕೊಂಡ ಹೋಗ್ತೀನಿ."

"ನಿಮ್ಮ ಕಡೆ ಬರಂಗಿಲ್ಲ ಆಕಿ."

ದುಂಡವ್ವ ಕೈ ಚಾಚಿದಳು. ಸಣ್ಣವಳು ಅಕ್ಕನ ಕುತ್ತಿಗೆಯನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡಳೆಂದರೆ ಅಕ್ಕವ್ವನಿಗೆ ಕೆಮ್ಮು ಬಂತು. ಎಳೆದು ನೋಡಿದ್ದಾಯಿತು, ಬೆಲ್ಲ ತೋರಿಸಿದ್ದಾಯಿತು, ದೊಡ್ಡವಳನ್ನು ಗದರಿದ್ದಾಯಿತು. ಬಿಸಿಲು ಏರುತ್ತಿತ್ತು, ನಡೆದರೆ ಅರ್ಧ ದಿನದ ದಾರಿ. ಕಡೆಗೆ ದುಂಡವ್ವ ಬೇಸತ್ತು, "ಸುಡಗಾಡ! ನೀನೂ ಬಾ," ಎಂದಳು.

ಹಾಗೆ ಅಕ್ಕವ್ವ ಆ ಮನೆಗೆ ಬಂದಳು. ಅತ್ತೆ ರಾಮವ್ವ ಕಟ್ಟೆಯ ಮೇಲೆ ಉಣ್ಣೆ ನೂಲುತ್ತಾ ಕೂತಿದ್ದವಳು ಕದಿರು ನಿಲ್ಲಿಸಿ ಮೂವರನ್ನೂ ನೋಡಿದಳು.

"ಒಂದ ತರಾಕ ಹೋಗಿ ಎರಡ ತಂದಿ. ಎರಡೂ ಹೆಣ್ಣ. ಸಂತ್ಯಾಗ ಕುರಿ ತರಾಕ ಹೋದ್ರೂ ಹಿಂಗ ಮಾಡ್ತಿ ಏನ?"

ಅವತ್ತು ದುಂಡವ್ವನ ರೊಟ್ಟಿಯ ಸಪ್ಪಳ ಓಣಿಯ ತುದಿಗೆ ಕೇಳಿತು.

ಯಲ್ಲವ್ವ ಎಂಟು ದಿನದಲ್ಲಿ ಹೊಂದಿಕೊಂಡಳು. ದೊಡ್ಡವಳು ಮಾತ್ರ ಹೊಂದಿಕೊಳ್ಳುವ ಜಾತಿಯಲ್ಲ. ತಂಗಿಯ ತಲೆ ಬಾಚಲು ದುಂಡವ್ವನಿಗೆ ಬಿಡುತ್ತಿರಲಿಲ್ಲ. ಸಣ್ಣವಳಿಗೆ ಏನು ಕೇಳಿದರೂ ದೊಡ್ಡವಳೇ ಉತ್ತರ ಹೇಳುತ್ತಿದ್ದಳು. "ಹಸಿವಾಗೈತೇನು ಯಲ್ಲವ್ವಾ?" ಎಂದರೆ "ಆಕಿಗೆ ಹಸಿವಾಗಿಲ್ರಿ" ಎಂದು ಅಕ್ಕವ್ವ. "ಆಕಿ ಹೊಟ್ಟಿ ನಿನ್ನ ಕಡೆ ಐತೇನ?" ಎಂದು ದುಂಡವ್ವ ರೇಗಿದರೆ ಆ ಹುಡುಗಿ ಅಳುತ್ತಲೂ ಇರಲಿಲ್ಲ, ಅಂಜುತ್ತಲೂ ಇರಲಿಲ್ಲ. ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದಳು. ಎರಡು ಸಲ ತಂಗಿಯನ್ನು ಹೊತ್ತುಕೊಂಡು ಅರಭಾವಿಯ ಹಾದಿ ಹಿಡಿದಿದ್ದಳು. ಎರಡು ಸಲವೂ ಹೊಳೆಪ್ಪ ಹೊಲದ ಕೆಲಸ ಬಿಟ್ಟು ಓಡಬೇಕಾಯಿತು.

ತಿಂಗಳಾಗುವಷ್ಟರಲ್ಲಿ ಮನೆಯಲ್ಲಿ ಇಲಿಗಳ ಕಾಟ ಶುರುವಾಯಿತು. ಹುಡುಕಿ ನೋಡಿದರೆ ಬೀಜದ ಗಡಿಗೆಗಳ ಹಿಂದೆ ಹರಕು ಅರಿವೆಯಲ್ಲಿ ಸುತ್ತಿಟ್ಟ ರೊಟ್ಟಿ, ಹನ್ನೊಂದು. ಕೆಲವಕ್ಕೆ ಬೂಜು ಬಂದಿತ್ತು.

"ಏನ ಇದು? ನಿನಗ ಹೊಟ್ಟಿತುಂಬ ಹಾಕವಲ್ಲೆ ಏನ ನಾನು? ಮಂದಿ ಏನಂದಾರು?"

"ಮುಂದಿನ ಮನ್ಯಾಗ ಹೆಂಗೋ ಏನೋ ಅಂತ ಇಟ್ಟೀನ್ರಿ," ಎಂದಳು ಅಕ್ಕವ್ವ.

"ಯಾವ ಮುಂದಿನ ಮನಿ?"

"ತಿಂಗಳಾತಲ್ಲ್ರಿ."

ದುಂಡವ್ವನಿಗೆ ಬೈಯಬೇಕೆಂದಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಈ ಹುಡುಗಿ ನೆಟ್ಟಗೆ ಸಿಟ್ಟಾಗಲಿಕ್ಕೂ ಬಿಡುವುದಿಲ್ಲವಲ್ಲ! ಮುಂದಿನ ಮನೆ ಇಲ್ಲ, ಇದೇ ಮನೆ ಎಂದು ಹೇಳಿದಳು. ಹುಡುಗಿ ನಂಬಿದಂತೆ ಕಾಣಲಿಲ್ಲ. ಮರುದಿನವೂ ಅರ್ಧ ರೊಟ್ಟಿ ಮಾಯ. ಕಡೆಗೆ ದುಂಡವ್ವ ಮುಚ್ಚಳವಿದ್ದ ಒಂದು ಬುಟ್ಟಿ ತಂದು ಅವಳ ಮುಂದೆ ಕುಕ್ಕಿದಳು. "ಇಡೂದಾದ್ರ ಇದರಾಗ ಇಡು. ಇಲಿ ಕಾಟರ ತಪ್ಪತೈತಿ." ಅಕ್ಕವ್ವ ಆರು ತಿಂಗಳು ಅದರಲ್ಲಿ ರೊಟ್ಟಿ ಇಟ್ಟಳು. ಆಮೇಲೆ ಎಂದೋ ಒಂದು ದಿನ ನೋಡಿದರೆ ಬುಟ್ಟಿಯಲ್ಲಿ ಹುಣಸೆ ಬೀಜ ಇದ್ದವು.

ಇನ್ನೊಂದು ಕಿರಿಕಿರಿ ಮನೆಯ ಕಟ್ಟೆಯ ಮೇಲೆಯೇ ಬೆಳೆಯುತ್ತಿತ್ತು. ದಿನಾ ಬೆಳಗಾದರೆ "ಹೆಣ್ಣ ತಂದಿ, ಹೆಣ್ಣ ತಂದಿ" ಎಂದು ಹಾಡುತ್ತಿದ್ದ ರಾಮವ್ವ, ಅಕ್ಕವ್ವನಿಗೆ ಉಣ್ಣೆ ಹಿಂಜುವುದನ್ನು ಕಲಿಸತೊಡಗಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಸೋಲದವರು. "ಎಳಿ ದಪ್ಪ ಆತು" ಎಂದು ಮುದುಕಿ, "ನಿಮ್ಮದೂ ದಪ್ಪೇ ಐತಿ" ಎಂದು ಹುಡುಗಿ. ಜಗಳವಾಡುತ್ತಾ ಆಡುತ್ತಾ ಮಧ್ಯಾಹ್ನ ಸಂಜೆಯಾಗುತ್ತಿತ್ತು. ಹದಿನೇಳು ವರ್ಷ ಆ ಮನೆಯಲ್ಲಿ ದುಡಿದ ದುಂಡವ್ವನಿಗೆ ಅತ್ತೆ ತನ್ನ ಕದಿರನ್ನು ಮುಟ್ಟಲಿಕ್ಕೂ ಕೊಟ್ಟಿರಲಿಲ್ಲ.

ಐವತ್ತೆಂಟರಲ್ಲಿ ದುಂಡವ್ವ ಹೊಳೆಪ್ಪನನ್ನು ಎಳೆದುಕೊಂಡು ಗೋಕಾಕಿಗೆ ಹೋದಳು. ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದಿತ್ತು, ಕಚೇರಿಯ ಮಂದಿ ಮಾತ್ರ ಹಳೆಯ ಕಾಗದಗಳನ್ನೇ ತಿರುವುತ್ತಿದ್ದರು. ಕಚೇರಿಯ ಎದುರಿಗೆ ಕೂರುತ್ತಿದ್ದ ವಯಸ್ಸಾದ ವಕೀಲರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿದರು.

"ನೋಡ ದುಂಡವ್ವಾ, ಮೊದಲ ಹೆಣ್ಣ ದತ್ತಕ ತಗೋಳಾಕ ಬರತಿರ್ಲಿಲ್ಲ. ಈಗ ಹೊಸ ಕಾಯ್ದೆ ಬಂದೈತಿ, ಹೆಣ್ಣೂ ತಗೋಬಹುದು."

"ಛಲೋ ಆತಲ್ಲ್ರಿ."

"ಆದರ ಒಂದ. ಮನ್ಯಾಗ ಒಬ್ಬಾಕಿ ಮಗಳಿದ್ದರ ಇನ್ನೊಬ್ಬಾಕಿನ್ನ ತಗೋಳಾಕ ಬರಂಗಿಲ್ಲ."

ದುಂಡವ್ವ ಗಂಡನ ಮುಖ ನೋಡಿದಳು. ಅವನು ಛಾವಣಿ ನೋಡುತ್ತಿದ್ದ.

"ಸಾಹೇಬ್ರ, ಅರವತ್ತ ಕುರಿ ಸಾಕಿದ್ರ ಯಾರೂ ಕೇಳಂಗಿಲ್ಲ. ಎರಡ ಹುಡುಗ್ಯಾರನ್ನ ಸಾಕಿದ್ರ ಕಾಯ್ದೆ ಅಡ್ಡ ಬರತೈತಿ?"

"ಸಾಕಾಕ ಬರತೈತಿ. ದತ್ತಕ ತಗೋಳಾಕ ಬರಂಗಿಲ್ಲ."

"ಮತ್ತ ಸಾಕಿದ್ದನ್ನ ಯಾರರ ಬಂದ ಎಬ್ಬಿಸಿಕೊಂಡ ಹೋದರ?"

ವಕೀಲರು ಕನ್ನಡಕ ಮತ್ತೆ ಏರಿಸಿಕೊಂಡರು. ಒಬ್ಬಳನ್ನು ಆರಿಸಿಕೊಂಡು ಬಾ ಎಂದರು.

ಬರುವಾಗ ಬಸ್ಸಿನಲ್ಲಿ ದುಂಡವ್ವನಿಗೆ ಯಾರನ್ನು ಆರಿಸಬೇಕು ಎಂದು ಯೋಚಿಸುವ ಅವಶ್ಯಕತೆಯೇ ಬಿದ್ದಿರಲಿಲ್ಲ. ವಕೀಲರು ಬಾಯಿ ಮುಚ್ಚುವುದರೊಳಗೆ ಅವಳ ಮನಸ್ಸು ಸಣ್ಣವಳನ್ನು ಎತ್ತಿಕೊಂಡಾಗಿತ್ತು. ಅದೇ ಅವಳನ್ನು ಚುಚ್ಚುತ್ತಿತ್ತು. ಮನೆಗೆ ಬಂದು ಅತ್ತೆಯ ಎದುರು ಕಾಯ್ದೆಯನ್ನೂ, ವಕೀಲರನ್ನೂ, ಗೋಕಾಕನ್ನೂ ಸೇರಿಸಿ ಬೈದಳು. ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದ ಅಕ್ಕವ್ವ ತಲೆ ಎತ್ತದೆ ಹೇಳಿದಳು:

"ಯಲ್ಲವ್ವನ್ನ ಬರಸ್ಕೋರಿ. ನಾ ಹಂಗ ಇರತೀನಿ."

ದುಂಡವ್ವ ಒಳಗೆ ಹೋಗಿ, ಬೆಳಗ್ಗೆ ಉಜ್ಜಿಟ್ಟ ಕೊಡವನ್ನೇ ಮತ್ತೊಮ್ಮೆ ಬೂದಿ ಹಚ್ಚಿ ಉಜ್ಜಿದಳು. ಒಂಬತ್ತು ವರ್ಷದ ಹುಡುಗಿ ಅಳಬೇಕು, ಹಟ ಮಾಡಬೇಕು. ಇವಳು ಮುದುಕಿಯ ಹಾಗೆ ಲೆಕ್ಕ ಹಾಕಿ ತನ್ನನ್ನು ತಾನೇ ಬದಿಗೆ ಸರಿಸಿಕೊಳ್ಳುತ್ತಾಳೆ. ಇಂಥವಳನ್ನು ಏನು ಮಾಡುವುದು?

ಹೊರಗಿನಿಂದ ರಾಮವ್ವನ ದನಿ ಕೇಳಿತು. "ಇದನ್ನ ನನಗ ಕೊಡ್ರಿ."

"ಏನನ್ರಿ?"

"ಈ ಹುಡುಗಿನ್ನ. ನನಗೆಲ್ಲಿ ಮಗಳದಾಳ? ಇರಾಂವ ಒಬ್ಬ ಹೊಳೆಪ್ಪ. ನಾ ದತ್ತಕ ತಗೋತೀನಿ."

"ನಿಮಗ ಎಷ್ಟ ವಯಸ್ಸ್ರಿ ಅತ್ತಿ?"

"ವಕೀಲಗ ಕೇಳ ಹೋಗು. ನನಗ ಕೇಳಬ್ಯಾಡ."

ಮತ್ತೆ ಗೋಕಾಕ. ವಕೀಲರು ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿದರು, ಒಮ್ಮೆ ನಕ್ಕರು, ಮತ್ತೆ ತಿರುವಿದರು. ಗಂಡ ಸತ್ತ ಹೆಂಗಸು ತನ್ನ ಹೆಸರಿಗೆ ದತ್ತಕ ತೆಗೆದುಕೊಳ್ಳಬಹುದು. ಆದರೆ ಅವಳಿಗೆ ಮಗಳೂ ಇರಬಾರದು, ಮಗನ ಮಗಳೂ ಇರಬಾರದು. ಆದ್ದರಿಂದ ಮುದುಕಿ ಮೊದಲು ದೊಡ್ಡವಳನ್ನು ತೆಗೆದುಕೊಳ್ಳಬೇಕು, ಆಮೇಲೆ ಹೊಳೆಪ್ಪ ಸಣ್ಣವಳನ್ನು.

"ಹಿಂದಮುಂದ ಆತಂದರ ಕೆಟ್ಟಿತು," ಎಂದರು. "ಮತ್ತ ಇಬ್ಬರನ್ನೂ ಅವರಪ್ಪನ ಕೊಡಬೇಕು. ಅಂವನ್ನ ಕರಕೊಂಡ ಬರ್ರಿ."

ಕರೆದುಕೊಂಡು ಬರುವುದು! ಶಿದ್ರಾಮನನ್ನು ಹಿಡಿಯುವುದು ಗಾಳಿ ಹಿಡಿದಂತೆ. ಮೊದಲ ಸಲ ದಿನ ಗೊತ್ತು ಮಾಡಿ ಹೇಳಿ ಕಳಿಸಿದರೆ, ಕುರಿ ಹೊಳೆಯ ಆಚೆ ಹೋಗಿವೆ, ನೀರು ಇಳಿದ ಮೇಲೆ ಬರುತ್ತಾನೆ ಎಂಬ ಉತ್ತರ ಬಂತು. ಎರಡನೆಯ ಸಲ ಮುದುಕಿಯನ್ನೂ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಗೋಕಾಕಿನಲ್ಲಿ ಸಂಜೆಯ ತನಕ ಕಾದರು. ಯಲ್ಲವ್ವ ಮೂರು ಸಲ ಭಜಿ ತಿಂದು ಒಂದು ಸಲ ವಾಂತಿ ಮಾಡಿಕೊಂಡಳು. ಅವನು ಬರಲಿಲ್ಲ. ಮಾರನೆಯ ವಾರ ಯಾರೋ ಹೇಳಿದರು: ಅವತ್ತು ಶಿದ್ರಾಮ ಬಂದಿದ್ದ, ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಮಕ್ಕಳು ಕಾಣುವ ಹಾಗೆ ಒಂದು ತಾಸು ಕೂತಿದ್ದ, ಎದ್ದು ಹೋದ.

ದುಂಡವ್ವನಿಗೆ ಸಿಟ್ಟು ತಲೆಗೇ ಏರಿತು. ಇದೂ ಹುಕ್ಕೇರಿಯ ಅಕ್ಕನ ಹಾದಿಯೇ. ಅವತ್ತು ಒಯ್ಯಿ ಅಂದವನು ನಾಳೆ ಕರುಳು ಕೇಳವಲ್ದು ಎಂದು ಬಾಗಿಲಿಗೆ ಬರುತ್ತಾನೆ. "ನೋಡೂಣ ತಗೊ" ಎಂದ ಗಂಡನಿಗೆ, "ನೀವು ನೋಡ್ಕೋತ ಕುಂಡ್ರಿ, ನಾ ಹೊಂಟೆ" ಎಂದು ಒಬ್ಬಳೇ ಹೊರಟಳು. ಕುರಿ ಎಲ್ಲಿವೆ ಎಂದು ದಾರಿಯುದ್ದಕ್ಕೂ ಕೇಳುತ್ತಾ, ಎರಡು ಬಸ್ಸು ಬದಲಿಸಿ, ಹುಕ್ಕೇರಿ ದಾಟಿ ಒಂದು ಹೊಲದಲ್ಲಿ ಅವನನ್ನು ಹಿಡಿದಳು. ಗೊಬ್ಬರಕ್ಕೆಂದು ಆ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದ್ದರು. ಅವಳನ್ನು ಕಂಡು ಶಿದ್ರಾಮ ಕಂಬಳಿ ಹಾಸಿದ, ಹಾಲು ತಂದಿಟ್ಟ. ದುಂಡವ್ವ ಕೂರಲಿಲ್ಲ.

"ಯಣ್ಣಾ, ಕೊಡೂದಿದ್ರ ಕೊಡು, ಇಲ್ಲಂದ್ರ ಇಲ್ಲನ್ನು. ಒಂದ ವರ್ಷ ಆತು, ನನ್ನ ಕಾಲ ಸವದುವು. ಆ ಮಕ್ಕಳಿಗರ ಗೊತ್ತಾಗ್ಲಿ ತಾವು ಯಾರವ್ರು ಅಂತ."

ಅವನು ಕೋಲಿನಿಂದ ಒಂದು ಹೆಂಟೆ ಒಡೆದ.

"ತಂಗಿ, ಒಂದ ಮಾತ ಕೇಳ್ಲೇನು? ಹೆಬ್ಬೆಟ್ಟ ಒತ್ತಿದ ಮ್ಯಾಲ ನಿಮ್ಮೂರ ಹಾದಿ ಹಾಯಾಕ ಬರತೈತ್ಯೋ ಇಲ್ಲೋ?"

"ಏನಂದಿ?"

"ಸರಕಾರಿ ಕಾಗದ ಅಂತಾರ. ಒತ್ತಿದ ಮ್ಯಾಲ ಮಕ್ಕಳ ಮಾರಿ ನೋಡಿದ್ರ ಪೊಲೀಸ್ರು ಹಿಡೀತಾರಂತ. ನಮ್ಮ ಕುರಿ ವರ್ಷಾ ಮಸಗುಪ್ಪಿ ಮ್ಯಾಲೇ ಹೊಕ್ಕಾವ. ಸುತ್ತ ಹಾಕಿ ಹೋಗ್ಬೇಕಂದ್ರ ಮಾಲಕರು ಕೇಳಂಗಿಲ್ಲ."

ದುಂಡವ್ವ ಆಗ ಕೂತಳು.

"ಇದನ್ನ ಕೇಳಾಕ ಒಂದ ವರ್ಷ ಬೇಕಾತೇನೊ ಯಣ್ಣಾ? ಬಾಯಿ ಇರ್ಲಿಲ್ಲ ನಿನಗ? ಚಹಾದಂಗಡ್ಯಾಗ ಕುಂತ ನೋಡೂ ಬದಲಿ ದಾಟಿ ಬಂದ ಕೇಳಿದ್ರ ಏನಾಕ್ಕಿತ್ತು?"

"ಯಾರಿಗೆ ಕೇಳ್ಲಿ? ಎಲ್ಲಾರೂ ನೀ ಸಿಟ್ಟಿನಾಕಿ ಅಂತಾರ."

ಅವಳು ಆ ಹಾಲನ್ನು ಒಂದೇ ಗುಟುಕಿಗೆ ಕುಡಿದಳು. ಕುರಿ ಹಾಯ್ದಾಗೆಲ್ಲ ಬಾ, ಮಕ್ಕಳ ಮಾರಿ ನೋಡು, ಉಂಡು ಹೋಗು, ಯಾವ ಪೊಲೀಸನೂ ಬರುವುದಿಲ್ಲ ಎಂದು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಕುಲದೇವರು ಬೀರಪ್ಪನ ಆಣೆ ಹಾಕಿ ಹೇಳಿದಳು. ಆಮೇಲೆ ಅವನನ್ನು ಅಲ್ಲಿಂದಲೇ ಹೊರಡಿಸಿದಳು. ಕುರಿ ಕಾಯಲು ಇನ್ನೊಬ್ಬ ಇದ್ದ. ಮತ್ತೊಂದು ದಿನ ಗೊತ್ತು ಮಾಡುವ ಹುಚ್ಚು ಅವಳಿಗೆ ಇರಲಿಲ್ಲ.

ಐವತ್ತೊಂಬತ್ತರ ಚಳಿಗಾಲದ ಒಂದು ಮುಂಜಾನೆ ಎಲ್ಲರೂ ಗೋಕಾಕಿನ ಕಚೇರಿಯ ಪಡಸಾಲೆಯಲ್ಲಿ ಸೇರಿದರು. ವಕೀಲರು ಓದಿ ಹೇಳಿದರು. ಬರೀ ಹೆಬ್ಬೆಟ್ಟು ಸಾಲದು, ಅಪ್ಪ ಕೈಯಾರೆ ಕೊಡಬೇಕು, ಇವರು ಕೈಯಾರೆ ತೆಗೆದುಕೊಳ್ಳಬೇಕು ಎಂದರು. ಮೊದಲು ರಾಮವ್ವ ಗೋಡೆಗೆ ಒರಗಿ ಉಡಿ ಒಡ್ಡಿ ಕೂತಳು. ಹತ್ತು ವರ್ಷದ ಅಕ್ಕವ್ವ ಆ ಉಡಿಯಲ್ಲಿ ಕೂತರೆ ಕಾಲುಗಳು ಆಚೆ ನೆಲಕ್ಕೆ ಚಾಚುವಂತಿದ್ದವು. ಶಿದ್ರಾಮ ಮಗಳ ರಟ್ಟೆ ಹಿಡಿದು ಕೂರಿಸಿದ. ಕೈ ಬಿಡಲು ಸ್ವಲ್ಪ ತಡ ಮಾಡಿದ. ಯಾರೂ ಅವಸರ ಮಾಡಲಿಲ್ಲ, ದುಂಡವ್ವ ಕೂಡ.

"ಭಾರ ಆಗೀದಿ, ಇಳಿ ಇನ್ನ," ಎಂದಳು ರಾಮವ್ವ.

"ನೀವೇ ಬೇಕಂದ್ರಲ್ಲ," ಎಂದು ಅಕ್ಕವ್ವ ಇನ್ನೂ ಒಂದಿಷ್ಟು ಹೊತ್ತು ಕೂತೇ ಇದ್ದಳು.

ಆಮೇಲೆ ಯಲ್ಲವ್ವನ ಸರದಿ. ಅವಳು ಅಪ್ಪನ ಕೈಯಿಂದ ದುಂಡವ್ವನ ಉಡಿಗೆ ಜಿಗಿದೇಬಿಟ್ಟಳು. ಕಾಗದಕ್ಕೆ ಹೆಬ್ಬೆಟ್ಟುಗಳು ಬಿದ್ದವು. ಶಿದ್ರಾಮ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಕಣ್ಣೂ ಒರೆಸಿಕೊಂಡ. ಕಾರಕೂನ ಕಾಗದ ಓದುತ್ತಾ ನಕ್ಕ. "ಒಟ್ಟ ಏನಾತಂದ್ರ, ಈ ದೊಡ್ಡಾಕಿ ಹೊಳೆಪ್ಪನ ತಂಗಿ ಆದಳು. ಈ ಸಣ್ಣಾಕಿಗೆ ಅಕ್ಕ ಇದ್ದಾಕಿ ಈಗ ಸೋದರತ್ತಿ."

ಅಕ್ಕವ್ವ ಒಂದು ಕ್ಷಣ ಎಲ್ಲರ ಮುಖ ನೋಡಿದಳು. ಆಮೇಲೆ ದುಂಡವ್ವನ ಕಡೆ ಬೆರಳು ತೋರಿಸಿ, "ಹಂಗಾದ್ರ ಇವ್ರು ನನಗ ವೈನಿ," ಎಂದಳು.

ಕಚೇರಿಯೆಲ್ಲ ನಕ್ಕಿತು. ದುಂಡವ್ವ ನಗಲಿಲ್ಲ. ಎರಡು ವರ್ಷ ಉಣಿಸಿ, ತೊಡಿಸಿ, ಹೇನು ಹೆಕ್ಕಿ, ಇವಳಿಗಾಗಿ ಹುಕ್ಕೇರಿಯ ತನಕ ಅಲೆದು ಬಂದರೆ ಕಡೆಗೆ ಅಣ್ಣನ ಹೆಂಡತಿ! ಅಂದಿನಿಂದ ಅಕ್ಕವ್ವ ಅವಳನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಸಾಲಿಗೆ ಹೋಗುವಾಗ "ವೈನೀ, ಪಾಟಿ ಎಲ್ಲಿ", ಉಣ್ಣುವಾಗ "ವೈನೀ, ಉಪ್ಪ ಕಮ್ಮಿ". ಬೈದರೆ, "ನಾದಿನಿಗೆ ಹಂಗ ಅನಬಾರ್ದು, ತವರಮನಿ ನಂದು" ಎಂದು ಉತ್ತರ. ಅದಕ್ಕೆ ಕಟ್ಟೆಯ ಮೇಲಿಂದ ರಾಮವ್ವನ ಖೊಕ್ ಎನ್ನುವ ನಗು ಬೇರೆ. ಶಿದ್ರಾಮ ಪ್ರತಿ ವರ್ಷ ಕುರಿಯ ಜೊತೆ ಬಂದು ಅಂಗಳದಲ್ಲಿ ಕೂತು ಉಂಡು, ಇಬ್ಬರ ಮಾರಿಯನ್ನೂ ನೋಡಿ ಹೋಗುತ್ತಿದ್ದ.

ಅರವತ್ತನಾಲ್ಕರಲ್ಲಿ ರಾಮವ್ವ ಹಾಸಿಗೆ ಹಿಡಿದಳು. ಅಕ್ಕವ್ವ ಕೊಟ್ಟರೆ ಮಾತ್ರ ನೀರು ಕುಡಿಯುತ್ತಿದ್ದಳು. ದುಂಡವ್ವ ತಂದ ಗಂಜಿಯನ್ನು ಅಕ್ಕವ್ವನ ಕೈಗೆ ದಾಟಿಸಬೇಕಾಗಿತ್ತು. ಅದಕ್ಕೂ ದುಂಡವ್ವ ಗೊಣಗಿದಳು. ಮುದುಕಿ ಹೋದ ದಿನ ಅಕ್ಕವ್ವ ಮೊದಲ ಸಲ ಎಲ್ಲರ ಎದುರು ಬಾಯಿಬಿಟ್ಟು ಅತ್ತಳು. ದುಂಡವ್ವ ಅವಳ ಪಕ್ಕದಲ್ಲಿ ಕೂತಿದ್ದಳು, ಅವಳ ಬೆನ್ನಿನ ಮೇಲೆ ಕೈ ಇಟ್ಟಿದ್ದಳು. ಅಕ್ಕವ್ವ ಆ ಕೈಯನ್ನು ಸರಿಸಲಿಲ್ಲ.

ಮರುವರ್ಷ ಅವಳನ್ನು ಕಣಗಲಾಕ್ಕೆ ಕೊಟ್ಟರು. ಅಳಿಯ ಮಾಯಪ್ಪ ಒಳ್ಳೆಯವನು, ಅವನ ತಾಯಿ ಯಮನವ್ವ ಗಟ್ಟಿ ಹೆಂಗಸು. ಕೆಲ ಕಾಲಕ್ಕೆ ಅಕ್ಕವ್ವ ಏಳು ತಿಂಗಳ ಬಸುರಿ ಎಂದು ಸುದ್ದಿ ಬಂತು. ಚೊಚ್ಚಲ ಬಾಣಂತನ ತವರಿನದು. ಬರುತ್ತಾಳೆ, ಬರುತ್ತಾಳೆ ಎಂದು ತಿಂಗಳು ಕಾದರೂ ಕಳಿಸಲಿಲ್ಲ. ದುಂಡವ್ವ ಹೊಸ ಸೀರೆ ಉಟ್ಟು ಕಣಗಲಾದ ಬಸ್ಸು ಹತ್ತಿದಳು.

"ನಾವು ಕಳಸಂಗಿಲ್ಲ ಅಂದಿಲ್ಲವಾ," ಎಂದಳು ಯಮನವ್ವ. "ಆದರ ಯಾರ ಮನಿಗೆ ಕಳಸೂದು? ಹಡದಾಕಿ ಸತ್ತಾಳ. ದತ್ತಕ ತಗೊಂಡಾಕಿನೂ ಸತ್ತಾಳ. ನೀವು ವೈನಿ. ವೈನಿ ಬಾಣಂತನ ಮಾಡ್ಯಾಳ ಅಂದ್ರ ನಮ್ಮೂರ ಮಂದಿ ಏನಂತಾರ?"

"ಆಕಿಗೆ ಹೇನ ಹೆಕ್ಕಿದ್ದು ಯಾರಂತ ನಿಮ್ಮೂರ ಮಂದಿಗೆ ಕೇಳ್ರಿ," ಎಂದಳು ದುಂಡವ್ವ. ಬಹಳ ವರ್ಷಗಳ ಮೇಲೆ ಅವಳ ದನಿಯೇ ಜೋರಾಯಿತು. "ಅರಭಾವಿ ಹಾದಿ ಹಿಡಿದಾಗ ಹೊಳ್ಳಿ ಮನಿಗೆ ತಂದಾಂವ ನನ್ನ ಗಂಡ. ಬೂಜು ಬಂದ ರೊಟ್ಟಿ ಒಗದಾಕಿ ನಾನು. ಕಾಗದದಾಗ ಏನರ ಬರ್ದಿರಲಿ, ಹಡಿಯಾಕ ನನ್ನ ಮನಿಗೇ ಬರಬೇಕು ಆಕಿ. ಕಳಸ್ತೀರೋ, ಇಲ್ಲೇ ಕುಂಡ್ರಲೋ?"

ಯಮನವ್ವ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಕ್ಕವ್ವ ಗಂಟು ಹೊತ್ತುಕೊಂಡು ಬಂದಳು. ಗಂಟು ಮೊದಲೇ ಕಟ್ಟಿಟ್ಟಿದ್ದಳು ಎಂಬುದು ಎಲ್ಲರಿಗೂ ಕಂಡಿತು.

"ಎಷ್ಟ ತಡಾ ಮಾಡಿದ್ರಿ. ಹದಿನೈದ ದಿನ ಆತು ಕಟ್ಟಿಟ್ಟು," ಎಂದಳು ದುಂಡವ್ವನಿಗೆ.

ಬಸ್ಸಿನಲ್ಲಿ ಕಿಡಕಿಯ ಜಾಗವೇ ಬೇಕೆಂದಳು. ಕೊಟ್ಟರೆ, ಗಾಳಿ ಬಹಳ ಎಂದು ಮತ್ತೆ ಜಾಗ ಬದಲಿಸಿದಳು. ಗೋಕಾಕ ಇನ್ನೂ ದೂರವಿರುವಾಗಲೇ ದುಂಡವ್ವನ ಹೊಸ ಸೀರೆಯ ಮೇಲೆ ವಾಂತಿ ಮಾಡಿಕೊಂಡಳು.

"ಈ ಸೀರಿ ಇವತ್ತ ಮೊದಲ ಉಟ್ಟಿದ್ದೆ!" ಎಂದಳು ದುಂಡವ್ವ.

"ಯಾರ ಉಡಂದ್ರು? ಹಳೇದ ಉಟ್ಟ ಬರಬೇಕಿಲ್ಲೋ ವೈನಿ?"

ಗೋಕಾಕಿನ ನಿಲ್ದಾಣದ ನಲ್ಲಿಯಲ್ಲಿ ಸೀರೆಯ ನೆರಿಗೆ ತೊಳೆಯುತ್ತಾ ದುಂಡವ್ವ ಬೈದಳು, ಬಸ್ಸು ಬರುವ ತನಕ ಬೈದಳು. ಅಕ್ಕವ್ವ ಗಂಟಿನ ಮೇಲೆ ಕೂತು ಬೈಗಳು ಕೇಳುತ್ತಾ ಆರಾಮಾಗಿ ಚುರುಮುರಿ ತಿನ್ನುತ್ತಿದ್ದಳು. ಮಸಗುಪ್ಪಿ ಮುಟ್ಟಿ ಇಪ್ಪತ್ತು ದಿನಕ್ಕೆ ಹೆಣ್ಣು ಕೂಸಾಯಿತು. ಎಣ್ಣೆ ಯಾರು ಹಚ್ಚಬೇಕು, ನೀರು ಎಷ್ಟು ಬಿಸಿ ಇರಬೇಕು ಎಂದು ಇಬ್ಬರೂ ಬೆಳಗ್ಗೆಯಿಂದ ಜಗಳಕ್ಕೆ ಬಿದ್ದರು. ಹೊಳೆಪ್ಪ ಕಂಬಳಿ ಹೆಗಲಿಗೆ ಏರಿಸಿದ, ಆದರೆ ಆ ದಿನ ದೊಡ್ಡಿಗೆ ಹೋಗದೆ ಬಾಗಿಲಲ್ಲೇ ನಿಂತು ಕೂಸಿನ ಮಾರಿ ನೋಡುತ್ತಿದ್ದ.